ಪೊಟ್ಟಣದ ಬೆನ್ನ ಮೇಲಿನ ಸಂಖ್ಯೆಗಳು



ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯಲ್ಲಿ ಸುಮಾರು 14 ಕಿ.ಮೀ. ದೂರದಲ್ಲಿ ಸಕ್ರೆಬೈಲು ಇದೆ. ತುಂಗಾ ನದಿಯ ಹಿನ್ನೀರಿನ ದಡದಲ್ಲಿರುವ ಅಲ್ಲಿನ ಆನೆ ಬಿಡಾರವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಬೆಳಿಗ್ಗೆ ಆನೆಗಳು ನೀರಿಗಿಳಿದು ಸ್ನಾನ ಮಾಡುತ್ತವೆ. ಭತ್ತ, ಬೆಲ್ಲ ಮುಂತಾದವನ್ನು ಒಣಹುಲ್ಲಿನಲ್ಲಿ ಸುತ್ತಿ ಅವುಗಳಿಗೆ ತಿನ್ನಿಸುತ್ತಾರೆ. ಆ ಹುಲ್ಲಿನ ಕಟ್ಟಿನೊಳಗೆ ಏನೇನಿದೆ ಎಂದು ಮಾವುತರನ್ನೋ ಕಾವಾಡಿಗಳನ್ನೋ ಕೇಳಿ ನೋಡಿ. ತಡವರಿಸದೆ ಹೇಳುತ್ತಾರೆ.

ಈಗ ದಡದಲ್ಲಿ ನಿಂತು ಆನೆ ನೋಡುವ ನಮ್ಮ ಕೈಯತ್ತ ನೋಡೋಣ. ಅಲ್ಲಿ ಬಹುಮಟ್ಟಿಗೆ ಇರುವುದು ಐದೋ ಹತ್ತೋ ರೂಪಾಯಿಯ ಕುರುಕಲು ತಿಂಡಿಯ ಪೊಟ್ಟಣ. ಅದರೊಳಗೆ ಏನೇನಿದೆ? ಆಲೂಗಡ್ಡೆ, ಜೋಳದ ಹಿಟ್ಟು, ಎಣ್ಣೆ, ಉಪ್ಪು, ಖಾರ ಎಂದು ಹೇಳಿ ನಾವು ನಿಲ್ಲಿಸುತ್ತೇವೆ. ಪೊಟ್ಟಣದ ಹಿಂಬದಿಯ ಪಟ್ಟಿ ಅಲ್ಲಿಗೆ ನಿಲ್ಲುವುದಿಲ್ಲ. ಆನೆಯ ಊಟದ ಬಗ್ಗೆ ಮಾವುತರಿಗೆ ಗೊತ್ತಿರುವಷ್ಟು ನಮ್ಮ ತಿಂಡಿಯ ಬಗ್ಗೆ ನಮಗೆ ಗೊತ್ತಿಲ್ಲ. ಇದು ಸರಿಯೆ?

ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಗೊತ್ತಿಲ್ಲದ ಹೆಸರನ್ನೆಲ್ಲ ವಿಷವೆಂದು ಹೆದರುವುದೂ ಸರಿಯಲ್ಲ. ಹೆದರುವ ಬದಲು ಓದಬೇಕು. ಓದಲು ಸಾಧ್ಯವಾಗುವಂತೆ ಬರೆದುಕೊಡಿ ಎಂದು ಕೇಳಲೂಬೇಕು. ಏಕೆ ಎಂದು ಒಂದೊಂದಾಗಿ ನೋಡೋಣ.

ಬೆನ್ನ ಮೇಲೆ ಏನಿದೆ?

ಪೊಟ್ಟಣದ ಮುಂಭಾಗ ಮಾರಾಟಗಾರನದು. ಬಣ್ಣ, ಚಿತ್ರ, ದೊಡ್ಡ ಅಕ್ಷರ ಎಲ್ಲವೂ ಅಲ್ಲಿರುತ್ತವೆ. ಹಿಂಭಾಗ ಮಾತ್ರ ಕಾನೂನಿನದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ಮಾಡಿದ ನಿಯಮಗಳ ಪ್ರಕಾರ ಪದಾರ್ಥಗಳ ಪಟ್ಟಿಯನ್ನು ಅಲ್ಲಿ ಮುದ್ರಿಸಬೇಕು. ಪಟ್ಟಿಗೆ ಒಂದು ಕ್ರಮವೂ ಇದೆ. ತೂಕದಲ್ಲಿ ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ. ಎರಡನೆಯ ಹೆಸರೇ ಎಣ್ಣೆ ಎಂದಿದ್ದರೆ ಆ ತಿಂಡಿಯಲ್ಲಿ ಎಣ್ಣೆ ಬಹಳ ಇದೆ ಎಂದು ತಿಳಿಯಿರಿ.

ಪಟ್ಟಿಯ ಕೊನೆಯಲ್ಲಿ ಕೆಲವು ಸಂಖ್ಯೆಗಳು ಕಾಣುತ್ತವೆ. 330, 551, 621, 627, 631 ಹೀಗೆ. ಇವು ಬೆಲೆಯಲ್ಲ, ತೂಕವಲ್ಲ. ಆಹಾರಕ್ಕೆ ರುಚಿ, ಬಣ್ಣ, ಬಾಳಿಕೆ ಬರಲೆಂದು ಸೇರಿಸುವ ವಸ್ತುಗಳನ್ನು ಆಹಾರ ಸೇರ್ಪಡೆಗಳು ಎನ್ನುತ್ತೇವೆ. ಒಂದೊಂದು ಸೇರ್ಪಡೆಗೂ ಲೋಕವೆಲ್ಲ ಒಪ್ಪಿದ ಒಂದು ಸಂಖ್ಯೆ ಇದೆ. ಇದಕ್ಕೆ ಅಂತರರಾಷ್ಟ್ರೀಯ ಸಂಖ್ಯಾ ಪದ್ಧತಿ ಎಂದು ಹೆಸರು. ನಿಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಇರುವಂತೆ ಇದೂ ಒಂದು ಹಾಜರಿ ಪುಸ್ತಕ.

ಹೊಸ ಹೆಸರು, ಹಳೆಯ ಪರಿಚಯ

ಈ ಸಂಖ್ಯೆಗಳಲ್ಲಿ ಹಲವು ನಿಮ್ಮ ಮನೆಯವೇ. 330 ಎಂದರೆ ಸಿಟ್ರಿಕ್ ಆಮ್ಲ. ನಿಂಬೆಹಣ್ಣನ್ನು ಹುಳಿಯಾಗಿಸುವುದು ಇದೇ. 334 ಎಂದರೆ ಟಾರ್ಟಾರಿಕ್ ಆಮ್ಲ. ನಿಮ್ಮ ಮನೆಯ ಸಾರಿನ ಹುಣಸೆಹಣ್ಣಿನಲ್ಲಿ ಅದು ತುಂಬಿದೆ. 100 ಎಂದರೆ ಕರ್ಕ್ಯುಮಿನ್, ಅರಿಶಿನದ ಹಳದಿ ಬಣ್ಣ. 500 ಎಂದರೆ ಸೋಡಾದ ಗುಂಪು. ಅಡುಗೆ ಸೋಡಾ ಈ ಗುಂಪಿಗೆ ಸೇರುತ್ತದೆ. 322 ಎಂದರೆ ಲೆಸಿಥಿನ್. ಎಣ್ಣೆ ಮತ್ತು ನೀರು ಬೇರೆಯಾಗದಂತೆ ಹಿಡಿದಿಡುವ ಈ ವಸ್ತು ಸೋಯಾ ಅವರೆಯಲ್ಲೂ ಮೊಟ್ಟೆಯ ಹಳದಿಯಲ್ಲೂ ಇದೆ.

160ಸಿ ಎಂಬುದು ಮೆಣಸಿನಕಾಯಿಯಿಂದ ತೆಗೆದ ಕೆಂಪು ಬಣ್ಣ. ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಪ್ರಸಿದ್ಧವಾದುದು ಕಡಿಮೆ ಖಾರ ಮತ್ತು ಗಾಢ ಕೆಂಪಿಗೆ. ಅದರಿಂದ ಬಣ್ಣದ ಸಾರ ತೆಗೆಯುವ ಉದ್ಯಮವೂ ಇದೆ.

551 ಎಂದರೆ ಸಿಲಿಕಾನ್ ಡೈಆಕ್ಸೈಡ್. ಮರಳಿನ ಮುಖ್ಯ ವಸ್ತುವೂ ಇದೇ ಎಂದರೆ ನೀವು ಹೌಹಾರಬಹುದು. ಭತ್ತದ ಹೊಟ್ಟನ್ನು ಸುಟ್ಟಾಗ ಉಳಿಯುವ ಬೂದಿಯಲ್ಲೂ ಇದು ಹೇರಳವಾಗಿದೆ. ಪೊಟ್ಟಣದ ಮಸಾಲೆ ಪುಡಿ ತೇವದಿಂದ ಗಂಟು ಕಟ್ಟದಿರಲೆಂದು ಅತಿ ನುಣುಪಾದ ಪುಡಿಯ ರೂಪದಲ್ಲಿ ಇದನ್ನು ತುಸು ಸೇರಿಸುತ್ತಾರೆ. 621 ಎಂದರೆ ಮಾನೋಸೋಡಿಯಂ ಗ್ಲುಟಮೇಟ್. ಟೇಸ್ಟಿಂಗ್ ಪೌಡರ್ ಎಂದು ಅಂಗಡಿಗಳಲ್ಲಿ ಕರೆಯುವುದು ಇದನ್ನೇ. 1908ರಲ್ಲಿ ಜಪಾನಿನ ವಿಜ್ಞಾನಿ ಕಿಕುನೆ ಇಕೆಡ ಅವರು ಸಮುದ್ರದ ಪಾಚಿಯ ಸಾರಿಗೆ ಆ ರುಚಿ ಎಲ್ಲಿಂದ ಬಂತೆಂದು ಹುಡುಕಿ ಗ್ಲುಟಮೇಟನ್ನು ಗುರುತಿಸಿದರು. ಹಣ್ಣಾದ ಟೊಮೆಟೊದಲ್ಲೂ ಗ್ಲುಟಮೇಟ್ ಸಹಜವಾಗಿಯೇ ಇದೆ. ಆದರೂ 621 ಸೇರಿಸಿದ ಆಹಾರ ಒಂದು ವರ್ಷದೊಳಗಿನ ಶಿಶುಗಳಿಗೆ ಸಲ್ಲದು ಎಂದು ಪೊಟ್ಟಣದ ಮೇಲೆ ಬರೆಯಬೇಕೆಂಬ ನಿಯಮ ನಮ್ಮಲ್ಲಿದೆ.

ಮಾಡಿ ನೋಡಿ: ಒಂದು ಬಿಳಿ ತಟ್ಟೆಯಲ್ಲಿ ಚಿಟಿಕೆ ಅರಿಶಿನವನ್ನು ನೀರಿನಲ್ಲಿ ಕಲಸಿ. ಅದಕ್ಕೆ ಸ್ವಲ್ಪ ಅಡುಗೆ ಸೋಡಾ ಹಾಕಿ. ಹಳದಿಯು ಕೆಂಪು ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ. ಈಗ ಅದರ ಮೇಲೆ ನಿಂಬೆರಸ ಹಿಂಡಿ. ನೊರೆ ಬರುತ್ತದೆ, ಬಣ್ಣ ಮತ್ತೆ ಹಳದಿಯಾಗುತ್ತದೆ. ಪೊಟ್ಟಣದ ಭಾಷೆಯಲ್ಲಿ ಹೇಳುವುದಾದರೆ ನೀವು 100ಕ್ಕೆ 500 ಸೇರಿಸಿ, ಆಮೇಲೆ 330 ಹಾಕಿದಿರಿ. ನೊರೆಯಾಗಿ ಹೊರಟದ್ದು ಇಂಗಾಲದ ಡೈಆಕ್ಸೈಡ್.

ಹೀಗಿರುವಾಗ ‘ರಾಸಾಯನಿಕವೇ ಇಲ್ಲದ ತಿಂಡಿ’ ಎಂಬ ಮಾತಿಗೆ ಅರ್ಥವಿಲ್ಲ. ನೀರೂ ರಾಸಾಯನಿಕ, ಉಪ್ಪೂ ರಾಸಾಯನಿಕ. ಹೆಸರು ಉದ್ದವಾಗಿದೆ ಎಂಬುದು ಅಪರಾಧವಲ್ಲ.

ಅಪರಿಚಿತರಿಗೂ ಒಂದು ಕೆಲಸವಿದೆ

ಎಲ್ಲ ಸಂಖ್ಯೆಗಳೂ ಅಡುಗೆಮನೆಯವಲ್ಲ ಎಂಬುದೂ ನಿಜ. 319ನ್ನು ತೆಗೆದುಕೊಳ್ಳಿ. ಇದು ಕಾರ್ಖಾನೆಯಲ್ಲಿ ತಯಾರಾಗುವ ವಸ್ತು, ಟಿಬಿಎಚ್‌ಕ್ಯೂ ಎಂದು ಚಿಕ್ಕದಾಗಿ ಹೇಳುತ್ತಾರೆ. ಹಬ್ಬಕ್ಕೆ ಕರಿದ ಚಕ್ಕುಲಿ ಕೆಲವು ವಾರಗಳ ನಂತರ ಕಮಟು ವಾಸನೆ ಹೊಡೆಯುವುದು ನಿಮಗೆ ಗೊತ್ತು. ಗಾಳಿಯ ಆಮ್ಲಜನಕವು ಎಣ್ಣೆಯ ಅಣುಗಳ ಜೊತೆ ವರ್ತಿಸುವುದೇ ಅದಕ್ಕೆ ಕಾರಣ. 319 ಈ ಕ್ರಿಯೆಯನ್ನು ತಡೆದು ಎಣ್ಣೆಯನ್ನು ಕಾಯುತ್ತದೆ. ಒಂದು ಕಿಲೋ ಅಡುಗೆ ಎಣ್ಣೆಗೆ 200 ಮಿಲಿಗ್ರಾಂ, ಇದು ಅದಕ್ಕೆ ಹಾಕಿರುವ ಮಿತಿ. ಚಿಪ್ಸ್ ಪೊಟ್ಟಣವು ಬಲೂನಿನಂತೆ ಉಬ್ಬಿರುವುದಕ್ಕೂ ಇದೇ ಕಾರಣ. ಅದರೊಳಗೆ ತುಂಬುವುದು ನೈಟ್ರೋಜನ್. ಆಮ್ಲಜನಕವನ್ನು ಹೊರಗಿಡುವುದು, ತಿಂಡಿ ಪುಡಿಯಾಗದಂತೆ ನೋಡಿಕೊಳ್ಳುವುದು ಅದರ ಕೆಲಸ. ನಾವು ಉಸಿರಾಡುವ ಗಾಳಿಯಲ್ಲಿ ಅದು ನೂರಕ್ಕೆ 78 ಭಾಗ ಇದೆ.

ಆದ್ದರಿಂದ ಒಂದು ಸಂಖ್ಯೆ ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಇದು ಏನು?’ ಎಂಬುದು. ಎರಡನೆಯದು ‘ಇದು ಇಲ್ಲಿ ಏಕೆ?’ ಎಂಬುದು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ‘ಎಷ್ಟು?’

ಎಷ್ಟು ಎಂಬ ಪ್ರಶ್ನೆ

ಶಿವಮೊಗ್ಗದ ಪಕ್ಕದ ಭದ್ರಾವತಿ ಉಕ್ಕಿನ ಊರೆಂದೇ ಹೆಸರಾದುದು. ಕಬ್ಬಿಣಕ್ಕೆ ನೂರಕ್ಕೆ ಎರಡು ಭಾಗಕ್ಕಿಂತ ಕಡಿಮೆ ಇಂಗಾಲ ಸೇರಿದರೆ ಗಟ್ಟಿಯಾದ ಉಕ್ಕಾಗುತ್ತದೆ. ಮೂರು ನಾಲ್ಕು ಭಾಗವಾದರೆ ಅದು ಎರಕದ ಕಬ್ಬಿಣ, ಬಲವಾಗಿ ಹೊಡೆದರೆ ಒಡೆಯುತ್ತದೆ. ಸೇರಿಸಿದ್ದು ಅದೇ ಇಂಗಾಲ, ಬದಲಾದದ್ದು ಪ್ರಮಾಣ. ಅತಿಯಾದರೆ ಅಮೃತವೂ ವಿಷ ಎಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ.

ಪ್ರಮಾಣ ಎನ್ನುವಾಗ ತಿನ್ನುವವರ ತೂಕವನ್ನೂ ನೋಡಬೇಕು. ಸಕ್ರೆಬೈಲಿನ ಆನೆಗೆ ಕೊಡುವ ಔಷಧದಷ್ಟೇ ಔಷಧವನ್ನು ನಿಮಗೆ ಕೊಡಲಾದೀತೆ? ವಿಜ್ಞಾನಿಗಳು ಸೇರ್ಪಡೆಗಳ ಮಿತಿಯನ್ನು ದೇಹದ ಪ್ರತಿ ಕಿಲೋ ತೂಕಕ್ಕೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ. ಸನ್‌ಸೆಟ್ ಯೆಲ್ಲೊ ಎಂಬ ಕಿತ್ತಳೆ ಮಿಶ್ರಿತ ಹಳದಿ ಬಣ್ಣದ ಸಂಖ್ಯೆ 110. ವಿಶ್ವಸಂಸ್ಥೆಯ ತಜ್ಞರ ಸಮಿತಿ ಅದಕ್ಕೆ ಹಾಕಿರುವ ಮಿತಿ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 4 ಮಿಲಿಗ್ರಾಂ. ನಿಮ್ಮ ತೂಕ 30 ಕಿಲೋ ಆದರೆ 120 ಮಿಲಿಗ್ರಾಂ. ನಿಮ್ಮ ತಂದೆಯ ತೂಕ 60 ಕಿಲೋ ಆದರೆ 240. ಒಂದೇ ತಿಂಡಿಯನ್ನು ಇಬ್ಬರೂ ಸಮನಾಗಿ ತಿಂದರೆ ನಿಮ್ಮ ದೇಹಕ್ಕೆ ಬೀಳುವ ಹೊರೆ ಎರಡು ಪಟ್ಟು.

ಈಗ ಒಂದು ಗಣಿತ ಮಾಡೋಣ. ನಮ್ಮ ದೇಶದಲ್ಲಿ ಬಣ್ಣ ಬಳಸಲು ಅನುಮತಿ ಇರುವ ತಿಂಡಿಗಳಲ್ಲಿ ಸಾಮಾನ್ಯವಾಗಿ ಒಂದು ಕಿಲೋಗೆ 100 ಮಿಲಿಗ್ರಾಂವರೆಗೆ ಕೃತಕ ಬಣ್ಣ ಇರಬಹುದು. ಹಾಗಾದರೆ 120 ಮಿಲಿಗ್ರಾಂ ತಲುಪಲು ನೀವು ಒಂದೇ ದಿನ 1.2 ಕಿಲೋ ತಿನ್ನಬೇಕು. ಆದರೆ ಅಳತೆಯಿಲ್ಲದೆ ಒಂದು ಕಿಲೋ ಹಿಟ್ಟಿಗೆ ಒಂದು ಗ್ರಾಂ ಅಪ್ಪಟ ಬಣ್ಣ ಸುರಿದರೆ? ಒಂದು ಗ್ರಾಂ ಎಂದರೆ 1000 ಮಿಲಿಗ್ರಾಂ, ಮಿತಿಯ ಹತ್ತು ಪಟ್ಟು. ಅಂಥ 200 ಗ್ರಾಂ ತಿಂಡಿಯಲ್ಲೇ 200 ಮಿಲಿಗ್ರಾಂ ಬಣ್ಣ ಇರುತ್ತದೆ. ಒಂದು ತಟ್ಟೆ ತಿಂದು ಮುಗಿಸುವಷ್ಟರಲ್ಲಿ ನಿಮ್ಮ ಮಿತಿ ದಾಟಿತು. ವ್ಯತ್ಯಾಸ ಮಾಡಿದ್ದು ಒಂದು ಚಿಟಿಕೆ.

ಸಂಖ್ಯೆಯೇ ಇಲ್ಲದ ಬಣ್ಣ

ಇದು ಬರೀ ಲೆಕ್ಕವಲ್ಲ. ನಮ್ಮ ರಾಜ್ಯದಲ್ಲಿ ನಡೆದ ಸಂಗತಿಯನ್ನೇ ನೋಡಿ. 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಅಧಿಕಾರಿಗಳು ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷೆಗೆ ಕಳಿಸಿದರು. 107ರಲ್ಲಿ ಸುರಕ್ಷಿತವಲ್ಲದ ಕೃತಕ ಬಣ್ಣ ಕಂಡುಬಂತು. ಬೊಂಬಾಯಿ ಮಿಠಾಯಿಯ 25 ಮಾದರಿಗಳಲ್ಲಿ 15ರ ಕತೆಯೂ ಅದೇ. ಮಾರ್ಚ್ 11ರಂದು ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದೇ ವರ್ಷದ ಜೂನ್‌ನಲ್ಲಿ ಕಬಾಬ್‌ಗೂ ಈ ನಿಷೇಧ ಬಂತು.

ಮಿಠಾಯಿಯಲ್ಲಿ ಸಿಕ್ಕ ಬಣ್ಣಗಳಲ್ಲಿ ಒಂದು ರೋಡಮೈನ್-ಬಿ. ಹೊಳೆಯುವ ಗುಲಾಬಿ ಬಣ್ಣದ ಇದನ್ನು ಬಟ್ಟೆಗೆ, ಕಾಗದಕ್ಕೆ ಹಾಕುತ್ತಾರೆ. ಆಹಾರಕ್ಕೆ ಹಾಕುವಂತಿಲ್ಲ. ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಇದು ಹಾನಿಕರವೆಂದು ಕಂಡಿದೆ. ಒಂದು ವಿಷಯ ಗಮನಿಸಿ. ಆಹಾರ ಸೇರ್ಪಡೆಗಳ ಹಾಜರಿ ಪುಸ್ತಕದಲ್ಲಿ ರೋಡಮೈನ್-ಬಿಗೆ ಸಂಖ್ಯೆಯೇ ಇಲ್ಲ. ಯಾವ ಪೊಟ್ಟಣದ ಬೆನ್ನ ಮೇಲೂ ಅದರ ಹೆಸರು ನಿಮಗೆ ಸಿಗುವುದಿಲ್ಲ. ಹೇಳಿ ಹಾಕಿದ್ದು ಸೇರ್ಪಡೆ, ಹೇಳದೆ ಹಾಕಿದ್ದು ಕಲಬೆರಕೆ. ಸಂಖ್ಯೆಗಳನ್ನು ಕಂಡು ಬೆಚ್ಚುವ ನಾವು ಸಂಖ್ಯೆಯೇ ಇಲ್ಲದ ಕೆಂಪನ್ನು ಕಂಡು ಬಾಯಲ್ಲಿ ನೀರೂರಿಸುತ್ತೇವೆ!

ಗೋಬಿಯಲ್ಲಿ ಸಿಕ್ಕ ಕೆಲವು ಬಣ್ಣಗಳಿಗೆ ಸಂಖ್ಯೆ ಇತ್ತು, ಟಾರ್ಟ್ರಜೈನ್ 102, ಸನ್‌ಸೆಟ್ ಯೆಲ್ಲೊ 110. ಕೆಲವು ಸಿಹಿತಿಂಡಿಗಳಿಗೆ ಇವನ್ನು ಮಿತಿಯೊಳಗೆ ಹಾಕಬಹುದು, ಗೋಬಿಗೆ ಹಾಕುವಂತಿಲ್ಲ. ಅಂದರೆ ಒಂದು ವಸ್ತು ಒಳ್ಳೆಯದೋ ಕೆಟ್ಟದೋ ಎಂದು ಕೇಳಿದರೆ ಸಾಲದು. ಯಾವುದರಲ್ಲಿ, ಎಷ್ಟು ಎಂದೂ ಕೇಳಬೇಕು.

ಗಾಡಿಯವರನ್ನು ಮಾತ್ರ ದೂರಿದರೆ ನ್ಯಾಯವಾಗದು. ಕೆಂಪಗಿದ್ದರೇ ರುಚಿ ಎಂದು ನಂಬಿ ಕೆಂಪನ್ನೇ ಕೇಳುವವರು ನಾವು. ಹೂಕೋಸು ಕರಿದರೆ ಕಂದು ಬಣ್ಣ ಬರುತ್ತದೆ, ಸಕ್ಕರೆಯ ಎಳೆ ಬಿಳಿಯಾಗಿಯೇ ಇರುತ್ತದೆ. ಬಣ್ಣವಿಲ್ಲದ್ದನ್ನು ಕೇಳಿ ಕೊಳ್ಳುವವರು ಹೆಚ್ಚಿದರೆ ಮಾರುವವರೂ ಬದಲಾಗುತ್ತಾರೆ.

ಅನುಮತಿ ಇದ್ದರೆ ಸಾಲದೆ?

‘ಸರ್ಕಾರ ಅನುಮತಿ ಕೊಟ್ಟ ಮೇಲೆ ನಾವೇಕೆ ಓದಬೇಕು?’ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಅನುಮತಿಯು ಅಂದಿನ ತಿಳಿವಳಿಕೆಯ ಮೇಲೆ ನಿಂತಿರುತ್ತದೆ. ತಿಳಿವಳಿಕೆ ಬೆಳೆದಂತೆ ಅದೂ ಬದಲಾಗುತ್ತದೆ. ಬ್ರೆಡ್ಡಿನ ಹಿಟ್ಟಿಗೆ ಹಾಕುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟ್‌ಗೆ ನಮ್ಮ ದೇಶದಲ್ಲಿ ಅನುಮತಿ ಇತ್ತು. 2016ರಲ್ಲಿ ಅದನ್ನು ಪಟ್ಟಿಯಿಂದ ತೆಗೆದುಹಾಕಿದರು. 102, 110 ಸೇರಿದಂತೆ ಆರು ಕೃತಕ ಬಣ್ಣಗಳಿರುವ ಆಹಾರದ ಮೇಲೆ, ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಪರಿಣಾಮವಾಗಬಹುದು ಎಂಬ ಎಚ್ಚರಿಕೆ ಇರಬೇಕೆಂದು ಯೂರೋಪಿನ ಒಕ್ಕೂಟ 2010ರಿಂದ ನಿಯಮ ಮಾಡಿದೆ. 127 ಸಂಖ್ಯೆಯ ಕೆಂಪು ಬಣ್ಣಕ್ಕೆ ಕೊಟ್ಟಿದ್ದ ಅನುಮತಿಯನ್ನು ಹಿಂಪಡೆಯುವುದಾಗಿ ಅಮೆರಿಕ 2025ರ ಜನವರಿಯಲ್ಲಿ ಪ್ರಕಟಿಸಿತು.

ಹೀಗೆ ನಿಯಮ ಬದಲಾಗುವುದು ವಿಜ್ಞಾನದ ಸೋಲಲ್ಲ, ಅದರ ನಡಿಗೆ. ನಾವೂ ಓದುತ್ತಿದ್ದರೆ ಆ ನಡಿಗೆಯ ಜೊತೆ ಹೆಜ್ಜೆ ಹಾಕಬಹುದು.

ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಹೊಸ ಹೆಸರುಗಳನ್ನು ಹುಡುಕುವ ಭರದಲ್ಲಿ ಪರಿಚಿತರನ್ನು ಮರೆಯಬಾರದು. ಕುರುಕಲು ತಿಂಡಿಗಳಲ್ಲಿ ಹೆಚ್ಚು ತೂಗುವುದು ಸೇರ್ಪಡೆಗಳಲ್ಲ, ನಮಗೆ ಚೆನ್ನಾಗಿ ಗೊತ್ತಿರುವ ಎಣ್ಣೆ, ಉಪ್ಪು, ಸಕ್ಕರೆ. ದೊಡ್ಡವರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿಗೆ ಇನ್ನೂ ಕಡಿಮೆ ಸಾಕು. ಪೊಟ್ಟಣದಲ್ಲಿ ಸೋಡಿಯಂ ಎಂದು ಬರೆದಿರುವುದನ್ನು 2.5ರಿಂದ ಗುಣಿಸಿದರೆ ಉಪ್ಪು ಎಷ್ಟೆಂದು ಗೊತ್ತಾಗುತ್ತದೆ. 100 ಗ್ರಾಂಗೆ 800 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ ಉಪ್ಪು 2 ಗ್ರಾಂ.

ನಮ್ಮ ಭಾಷೆಯಲ್ಲಿ ಏಕಿಲ್ಲ?

ಇಷ್ಟೆಲ್ಲ ಓದಿದ ಮೇಲೆ ನೀವು ಒಂದು ಪೊಟ್ಟಣ ತಿರುಗಿಸಿ ನೋಡುತ್ತೀರಿ. ಅಲ್ಲಿ ಕನ್ನಡ ಇರುವುದಿಲ್ಲ! ಪೊಟ್ಟಣದ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು ಎನ್ನುತ್ತದೆ ನಿಯಮ. ಬೇರೆ ಭಾಷೆಯನ್ನೂ ಜೊತೆಗೆ ಬಳಸಬಹುದು, ಆದರೆ ಬಳಸಲೇಬೇಕೆಂದಿಲ್ಲ. ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ವಸ್ತುಗಳ ಹೆಸರು ಮತ್ತು ಬಳಸುವ ವಿವರ ಕನ್ನಡದಲ್ಲೂ ಇರಬೇಕೆಂದು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸೂಚಿಸಿದೆ. ಇದು ಒಳ್ಳೆಯ ಹೆಜ್ಜೆ. ಆದರೆ ಹೆಸರು ಮಾತ್ರ ಕನ್ನಡವಾದರೆ ಮುಂಭಾಗ ಕನ್ನಡವಾಯಿತು. ಬೆನ್ನೂ ಕನ್ನಡವಾಗಬೇಕು.

ಪದಾರ್ಥಗಳ ಪಟ್ಟಿ ಅಲಂಕಾರಕ್ಕಲ್ಲ, ತಿಳಿಸುವುದಕ್ಕೆ. ತಿನ್ನುವವರಿಗೇ ಓದಲಾಗದ ಪಟ್ಟಿಯಿಂದ ಯಾರಿಗೆ ಪ್ರಯೋಜನ? ಕಡಲೆಕಾಯಿ ಒಗ್ಗದ ಮಗುವೊಂದು ಕನ್ನಡ ಮಾತ್ರ ಓದಬಲ್ಲದಾದರೆ ಅದನ್ನು ಕಾಯುವವರು ಯಾರು? ಕನ್ನಡ ನಾಡಿನ ಶಾಲೆಯ ಪಕ್ಕದ ಅಂಗಡಿಯಲ್ಲಿ ಮಾರುವ ತಿಂಡಿಗೆ ಕನ್ನಡದಲ್ಲಿ ಪಟ್ಟಿ ಇರಬೇಕೆಂದು ಕೇಳುವುದು ನಿಮ್ಮ ಹಕ್ಕು.

ಅಲ್ಲಿಯವರೆಗೆ ಏನು ಮಾಡುವುದು? ಸಂಖ್ಯೆಗಳು ನಮ್ಮ ಸಹಾಯಕ್ಕಿವೆ. 330 ಎಂಬುದು ಇಂಗ್ಲಿಷಿನಲ್ಲೂ 330, ಜಪಾನಿನಲ್ಲೂ 330, ಸಕ್ರೆಬೈಲಿನಲ್ಲೂ 330. ಅಂಕಿ ಬಲ್ಲ ಯಾವ ಮಗುವೂ ಅದನ್ನು ಓದಬಲ್ಲದು.

ನಿಮ್ಮ ತರಗತಿಯಲ್ಲಿ ಒಂದು ಕೆಲಸ ಮಾಡಿ. ತಿಂದು ಬಿಸಾಡುವ ಪೊಟ್ಟಣಗಳನ್ನು ಒಂದು ವಾರ ಕಾಲ ಕೂಡಿಡಿ. ತೊಳೆದು ಒಣಗಿಸಿ. ಹಿಂಬದಿಯ ಸಂಖ್ಯೆಗಳನ್ನು ಒಂದು ದೊಡ್ಡ ಹಾಳೆಯ ಮೇಲೆ ಬರೆಯಿರಿ. ಪ್ರತಿ ಸಂಖ್ಯೆಯ ಮುಂದೆ ಮೂರು ಕಾಲಂ ಇರಲಿ: ಕನ್ನಡ ಹೆಸರು, ಮಾಡುವ ಕೆಲಸ, ಎಷ್ಟು ಪೊಟ್ಟಣಗಳಲ್ಲಿ ಸಿಕ್ಕಿತು. ಗೊತ್ತಿಲ್ಲದ್ದನ್ನು ನಿಮ್ಮ ವಿಜ್ಞಾನ ಶಿಕ್ಷಕರ ಜೊತೆ ಕುಳಿತು ಹುಡುಕಿ. ತೀರ ಚಿಕ್ಕ ಪೊಟ್ಟಣಗಳಿಗೆ ಪಟ್ಟಿ ಮುದ್ರಿಸುವುದರಿಂದ ವಿನಾಯಿತಿ ಇದೆ. ಒಂದು ರೂಪಾಯಿಯ ಮಿಠಾಯಿಯ ಮೇಲೆ ಏನೂ ಇಲ್ಲದಿದ್ದರೆ ಅದು ಬಂದ ದೊಡ್ಡ ಡಬ್ಬಿಯನ್ನು ತೋರಿಸಿ ಎಂದು ಅಂಗಡಿಯವರನ್ನು ವಿನಯದಿಂದ ಕೇಳಿ. ಹಾಳೆ ತುಂಬಿದ ಮೇಲೆ ಅದನ್ನು ಗೋಡೆಗೆ ಅಂಟಿಸಿ.

ಆಮೇಲೆ ಆ ತಿಂಡಿಗಳ ಕಂಪನಿಗಳಿಗೆ ಒಂದೊಂದು ಕಾಗದ ಬರೆಯಿರಿ. ವಿಳಾಸ ಪೊಟ್ಟಣದ ಮೇಲೆಯೇ ಇರುತ್ತದೆ. ‘ನಿಮ್ಮ ತಿಂಡಿಯಲ್ಲಿ ಏನಿದೆ ಎಂದು ನಮಗೆ ಕನ್ನಡದಲ್ಲಿ ತಿಳಿಸಿ’ ಎಂಬ ಒಂದು ಸಾಲು ಸಾಕು. ನೂರು ಶಾಲೆಗಳಿಂದ ನೂರು ಕಾಗದ ಹೋದರೆ ಯಾರಾದರೊಬ್ಬರು ಓದದೆ ಇರಲಾರರು.